ತಲೆ ಮೇಲೆ ಪಂಖಾ, ಕೈಯಲ್ಲಿ ಬೀಸಣಿಗೆ

ಮೊದಲು ದೇಶಕ್ಕೆ ಅಭಿನಂದನೆ ಹೇಳಿಬಿಡುತ್ತೇನೆ, ಮೊಬೈಲಿನಲ್ಲಿ ಶೇಕಡಾ 9 ಚಾರ್ಜ್ ಉಳಿದಿದೆ. ನೀವೂ ಓದಿರುತ್ತೀರಿ. 2030ಕ್ಕೆ ಮುಟ್ಟಬೇಕಿದ್ದ ವಿದ್ಯುತ್ತಿನ ಗುರಿಯನ್ನು 2025ರ ಜೂನ್‌ನಲ್ಲೇ ಮುಟ್ಟಿದೆವಂತೆ. ಆಗ ದೇಶದ ಸ್ಥಾಪಿತ ಸಾಮರ್ಥ್ಯ, ಅಂದರೆ ಎಲ್ಲ ಯಂತ್ರ ಪೂರ್ತಿ ದುಡಿದರೆ ಹುಟ್ಟುವ ವಿದ್ಯುತ್ತು, 4,84,000 ಮೆಗಾವ್ಯಾಟ್; ಅದರಲ್ಲಿ ಅರ್ಧ ಬಿಸಿಲು, ಗಾಳಿ, ನೀರು, ಅಣುವಿನದು. ಗಾಳಿಯದೇ 50,000 ದಾಟಿತು. ಐದು ವರ್ಷ ಮುಂಚೆ! ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ನಮ್ಮ ಜತ್ತ ತಾಲೂಕಿಗೆ ಹೊತ್ತಿಗೆ ಮುಂಚೆ ಬಂದದ್ದೆಂದರೆ ಇಲ್ಲಿವರೆಗೆ ಮುಪ್ಪು ಒಂದೇ.

'ಸ್ಥಾಪಿತ ಸಾಮರ್ಥ್ಯ' ಅನ್ನೋ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಬೀಗರೊಬ್ಬರ ಸ್ಥಾಪಿತ ಸಾಮರ್ಥ್ಯ ಹೊತ್ತಿಗೆ ಹನ್ನೆರಡು ಭಕ್ಕರಿ. ಬುಟ್ಟಿಯಲ್ಲಿ ಮೂರೇ ಇದ್ದ ದಿನ ಮೂರೇ ತಿಂದು ಏಳುತ್ತಾರೆ, ಸಾಮರ್ಥ್ಯಕ್ಕೇನೂ ಧಕ್ಕೆಯಿಲ್ಲ. ಪಂಖಾದ, ಅಂದರೆ ಗಾಳಿಯಿಂದ ಕರೆಂಟು ಹುಟ್ಟಿಸುವ ಗಾಳಿಯಂತ್ರದ, ಲೆಕ್ಕವೂ ಹೀಗೇ. ಗಾಳಿಯ ವೇಗ ಅರ್ಧಕ್ಕಿಳಿದರೆ ವಿದ್ಯುತ್ತು ಎಂಟರಲ್ಲೊಂದು ಪಾಲಿಗೆ ಬೀಳುತ್ತದೆ. ವರ್ಷದ ಸರಾಸರಿಯಲ್ಲಿ ಬರೆದ ಸಾಮರ್ಥ್ಯದ ಕಾಲುಭಾಗ ಕೈಗೆ ಸಿಕ್ಕರೆ ಪುಣ್ಯ. ಹಾಗಾಗಿ ಅರ್ಧ ಆಯಿತೆಂದು ಪೇಢೆ ಹಂಚಿದ ದೇಶದಲ್ಲಿ, ಹುಟ್ಟುವ ನೂರು ಯೂನಿಟ್ಟಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಇನ್ನೂ ಕಲ್ಲಿದ್ದಲಿನದೇ. ಬೀಗರಿಗೆ ಇದನ್ನು ಹೇಳಿದರೆ, "ಹಂಗಾರ ನನ್ನ ಹೆಸರೂ ಪೇಪರಿನ್ಯಾಗ ಹಾಕಸ್ರಿ" ಎಂದರು.

ಗಾಳಿಗೆ ಮಾತ್ರ ನಮ್ಮಲ್ಲಿ ಬರವಿಲ್ಲ. ಸಹ್ಯಾದ್ರಿ ಮಳೆಯನ್ನೆಲ್ಲ ಆಚೆಗೇ ಇಳಿಸಿಕೊಂಡು ಒಣ ಗಾಳಿಯನ್ನಷ್ಟೇ ಈಚೆ ಕಳಿಸುತ್ತದೆ. ಆಷಾಢದಲ್ಲಿ ತಲೆ ಮೇಲೆ ಟೊಪಿಗಿ ನಿಲ್ಲೋದಿಲ್ಲ. ಅದಕ್ಕೇ ಜತ್ತದಿಂದ ಢಾಲಗಾವ ಕಡೆಗೆ ದಿನ್ನೆ ದಿನ್ನೆಗೂ ಪಂಖಾ ನೆಟ್ಟರು. "ಇವು ಮಾಡಾ ಹೊಡದ ಓಡಸ್ತಾವ, ಅದಕ್ಕ ಮಳಿ ಇಲ್ಲ" ಎಂದು ಹಿರಿಯರು ಸಿಟ್ಟಾದರು. ತಿಳಿದವರು ನಕ್ಕರು. ನಗಬೇಕಾದ್ದೇ, ಪಂಖಾ ಗಾಳಿಯನ್ನು ತಿನ್ನುತ್ತದೆ, ಬೀಸೋದಿಲ್ಲ. ಆದರೆ ಆಗ ಪಡುವಣ ಗಾಳಿಯ ಜೊತೆ ತೆರಿಗೆಯ ಗಾಳಿಯೂ ಬೀಸುತ್ತಿತ್ತು. ಪಂಖಾ ಕೊಂಡ ಸಾಹುಕಾರ ಮೊದಲ ವರ್ಷವೇ ಬೆಲೆಯ ಶೇಕಡಾ 80ನ್ನು ಸವಕಳಿ ಎಂದು ಬರೆದು ಆದಾಯದಿಂದ ಕಳೆಯಬಹುದಿತ್ತು. ಒಂದು ವರ್ಷಕ್ಕೆ ಮುಕ್ಕಾಲುಪಾಲಿಗೂ ಹೆಚ್ಚು ಸವೆದುಹೋಗುವ ಕಬ್ಬಿಣ! ನನ್ನ ಅಜ್ಜನ ಕುಂಟೆ ಮೂರು ತಲೆಮಾರಾದರೂ ಸವೆದಿಲ್ಲ; ಅದಕ್ಕೆ ಲೆಕ್ಕಪರಿಶೋಧಕರು ಇರಲಿಲ್ಲ, ಪಾಪ. 2012ರಲ್ಲಿ ಆ ಸವಲತ್ತು ನಿಂತಿತು, ದೇಶದ ತುಂಬ ಹೊಸ ಪಂಖಾಗಳೂ ಕಡಿಮೆಯಾದವು. 2014ರಲ್ಲಿ ಮತ್ತೆ ಬಂತು. 2017ರಲ್ಲಿ 40ಕ್ಕಿಳಿಯಿತು. ಗಾಳಿ ಎತ್ತ ಬೀಸುತ್ತದೆಂದು ತಿಳಿಯಲು ಪಂಚಾಂಗಕ್ಕಿಂತ ಬಜೆಟ್ ನೋಡುವುದೇ ಮೇಲಿತ್ತು.

ಇನ್ನು ಕರೆಂಟಿನ ತೀರ್ಥಯಾತ್ರೆ. ದಿನ್ನೆಯ ಮೇಲೆ 690 ವೋಲ್ಟಿಗೆ ಹುಟ್ಟಿ, ಪಂಖಾದ ಬುಡದಲ್ಲೇ 33,000ಕ್ಕೇರಿ, ಸಬ್‌ಸ್ಟೇಷನ್ನಿನಲ್ಲಿ ಇನ್ನೂ ಮೇಲೇರಿ, ನಮ್ಮ ಜ್ವಾಳದ ಹೊಲದ ಮೇಲಿಂದ ತಿರುಗಿಯೂ ನೋಡದೆ ಹೋಗುತ್ತದೆ. ಎಲ್ಲಿಂದಲೋ ಅದರ ಅಣ್ಣತಮ್ಮ ಒಬ್ಬ 11,000ಕ್ಕಿಳಿದು, ಊರ ಡಿಪಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ, ಇನ್ನೂ ಇಳಿದು, ಮನೆಗೆ ಬರುತ್ತಾನೆ. ಹೊತ್ತು ತಂದ ಕೂಲಿ ಬೇರೆ ಕೊಡಬೇಕು, ಬಿಲ್ಲಿನಲ್ಲಿ ಅದರ ಹೆಸರು 'ವಹನ ಆಕಾರ'. ಬಿಲ್ಲು ಮರಾಠಿ, ಅದರಲ್ಲಿ ಆಕಾರ ಎಂದರೆ ಶುಲ್ಕ; ನಮ್ಮವ್ವ ಕನ್ನಡ ಶಾಲೆಯ ಎರಡನೇ ಇಯತ್ತೆ. ಓದಿ ಹೇಳಿದೆ: ಸ್ಥಿರ ಆಕಾರ, ವೀಜ ಆಕಾರ, ವಹನ ಆಕಾರ, ಇಂಧನ ಸಮಾಯೋಜನ ಆಕಾರ. "ಇಷ್ಟೆಲ್ಲಾ ಆಕಾರ ಐತಿ, ಲೈಟ್ ಒಂದ ನಿರಾಕಾರ ನೋಡು" ಅಂದಳು.

ಹೊಲಕ್ಕೆ ತ್ರಿಫೇಸು ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿಯಲ್ಲಿ ಎರಡಕ್ಕೆದ್ದು ಬ್ಯಾಟರಿ ಹಿಡಿದು ಮೋಟಾರು ಚಾಲೂ ಮಾಡಲು ಹೋಗುವವನು ಹಾವು ತುಳಿದನೋ ಬಿಟ್ಟನೋ, ಯಾವ ಗುರಿಯಲ್ಲೂ ಬರೆದಿಲ್ಲ. ಹೋದ ಬೇಸಿಗೆಯಲ್ಲಿ ನಮ್ಮ ಡಿಪಿ ಸುಟ್ಟಿತು. ಹನ್ನೊಂದು ದಿನ. ಪಟ್ಟಿ ಎತ್ತಿದವರು ನಾವು, ಟ್ರ್ಯಾಕ್ಟರ್ ತಂದವರು ನಾವು, ಡಿಪಿ ಹೇರಿ ಇಳಿಸಿದವರು ನಾವು. ನನ್ನ ನಲವತ್ತು ದಾಳಿಂಬೆ ಗಿಡ ಒಣಗಿದವು. ಹೂ ಬಿಟ್ಟಿದ್ದವು. ಆ ಹನ್ನೊಂದು ದಿನವೂ ದಿನ್ನೆಯ ಮೇಲೆ ಪಂಖಾ ತಿರುಗುತ್ತಲೇ ಇತ್ತು, ಅದರ ಲೈನು ಬೇರೆ.

ಆ ಪಂಖಾ ಕಾಯಲು ಉಮದಿ ಕಡೆಯ ಹುಡುಗನೊಬ್ಬನಿದ್ದಾನೆ. ಅವನ ಪತ್ರಾ ಖೋಲಿಗೆ ಕರೆಂಟು ನಮ್ಮ ಊರ ಲೈನಿನದೇ. ನಿನ್ನೆ ರಾತ್ರಿ ಚಾರ್ಜರ್ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದ. ಒಳಗೆ ಇಣುಕಿ, "ಕಾಕಾ, ನಿಮ್ಮಲ್ಲೂ ಇಲ್ಲೇನ್ರಿ?" ಅಂದ. ಕಟ್ಟೆಯ ಮೇಲೆ ಕೂರಿಸಿ ಅವ್ವ ಅವನಿಗೂ ಒಂದು ಬೀಸಣಿಗೆ ಕೊಟ್ಟಳು. ಕತ್ತಲಲ್ಲಿ ದಿನ್ನೆಯ ನೆತ್ತಿಗೆ ಕೆಂಪು ದೀಪವೊಂದು ಹತ್ತಿ ಆರಿ ಮಾಡುತ್ತಿತ್ತು. ಅದು ಯಾರಿಗೆ ಅಂತ ಅವ್ವ ಕೇಳಿದಳು. "ವಿಮಾನಕ್ಕ ರೀ ಅಮ್ಮಾ" ಅಂದ ಹುಡುಗ.