ಉಸಿರು ಬಿಡದೆ 28 ವರ್ಷ

ಕಳೆದ ಭಾನುವಾರ ಕೊಪ್ಪಳ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ಕಬಡ್ಡಿ ಪಂದ್ಯಾವಳಿಯ ಉದ್ಘಾಟನೆಗೆ ಹೋಗಿದ್ದೆ. ಕರಪತ್ರದಲ್ಲಿ ಬೆಳಿಗ್ಗೆ 10 ಗಂಟೆ ಎಂದಿತ್ತು. ಉದ್ಘಾಟಕರು ಬಂದದ್ದು ಮಧ್ಯಾಹ್ನ ಒಂದೂವರೆಗೆ. ನಡುವಿನ ಮೂರೂವರೆ ತಾಸು ಮಾಡಲು ಬೇರೆ ಕೆಲಸವಿಲ್ಲದೆ ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿದ್ದ ಮುಖಗಳನ್ನು ಎಣಿಸಿದೆ. ಒಟ್ಟು 34 ಇದ್ದವು. ಕೈ ಮುಗಿದವರು 19, ಫೋನನ್ನು ಕಿವಿಗೆ ಒತ್ತಿಕೊಂಡವರು 6; ಉಳಿದವರು ದೂರದಲ್ಲೆಲ್ಲೋ ನಡೆಯುತ್ತಿರುವ ಅಭಿವೃದ್ಧಿಯನ್ನು ದಿಟ್ಟಿಸುತ್ತಿದ್ದರು. ಕೆಳಗಿನ ಮೂಲೆಯಲ್ಲಿ, ಫ್ಲೆಕ್ಸ್ ಅಂಗಡಿಯವನ ಮೊಬೈಲ್ ನಂಬರಿನ ಪಕ್ಕದಲ್ಲಿ, ಒಬ್ಬ ಆಟಗಾರ ಇನ್ನೊಬ್ಬನ ಕಾಲು ಹಿಡಿದ ಚಿಕ್ಕ ಚಿತ್ರವಿತ್ತು. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡದ್ದಿರಬೇಕು, ಅಂಗಿಯ ಮೇಲೆ ಇರಾನ್ ಎಂದು ಬರೆದಿತ್ತು.

ಬಾಡಿಗೆಗೆ ತಂದಿದ್ದ ಮ್ಯಾಟು ಅಷ್ಟು ಹೊತ್ತಿಗೆ ರೊಟ್ಟಿಯ ಹಂಚಿನಂತೆ ಕಾದಿತ್ತು. ಆಡುವ ಮುಂಚೆ ಹೊಟ್ಟೆ ಭಾರವಾಗಬಾರದೆಂದು ಬೆಳಗಿನಿಂದ ಬರೀ ಚಹದ ಮೇಲಿದ್ದ ಹುಡುಗರು ಹನ್ನೆರಡರ ಸುಮಾರಿಗೆ ತಾಳಲಾರದೆ ಒಗ್ಗರಣೆ, ಮಿರ್ಚಿ ತಿಂದು ಬೇವಿನ ಮರದ ಕೆಳಗೆ ಒರಗಿಕೊಂಡರು. ಅವರಿಗೆ ಜೋಂಪು ಹತ್ತುವ ಹೊತ್ತಿಗೆ ಸರಿಯಾಗಿ ಕಾರುಗಳು ಬಂದವು. ಸನ್ಮಾನ್ಯರು ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ಚಪ್ಪಲಿ ಬಿಡದೆಯೇ ಮ್ಯಾಟಿನ ಮೇಲೆ ಕಾಲಿಟ್ಟು, ‘ಕಬಡ್ಡಿ’ ಎಂದು ಎರಡು ಸಲ ಹೇಳಿ, ಮೂರನೆಯದಕ್ಕೆ ದಮ್ಮು ಸಾಲದೆ ನಿಂತು ಸುಧಾರಿಸಿಕೊಂಡು, ಎದುರಿಗಿದ್ದ ಒಬ್ಬನ ಭುಜ ತಟ್ಟಿದರು. ನಿಯಮದಂತೆ ಉಸಿರು ತುಂಡಾದೊಡನೆ ರೇಡರ್, ಅಂದರೆ ಎದುರಾಳಿಯ ಅಂಗಳಕ್ಕೆ ನುಗ್ಗಿದವ, ಔಟು. ಆದರೆ ಏಳೂ ಹುಡುಗರು ತಾವಾಗಿಯೇ ಬಿದ್ದು, ತಾವಾಗಿಯೇ ಎದ್ದು ಹೊರನಡೆದರು. ಅಂಪೈರ್ ಸೀಟಿ ಊದಿ ಏಳು ಅಂಕಕ್ಕೆ, ಇಡೀ ತಂಡವನ್ನು ಔಟ್ ಮಾಡಿದ್ದಕ್ಕೆ ಸಿಗುವ ಲೋನಾದ ಎರಡನ್ನೂ ಕೂಡಿಸಿ ಒಂಬತ್ತು ಕೊಟ್ಟರು.

ಇದನ್ನು ನೋಡಿ ನಗಬಾರದು. ಹೋಬಳಿ ಮಟ್ಟದ ಈ ಕಲೆಯೇ ದೆಹಲಿ ಮಟ್ಟದಲ್ಲಿ ಪೂರ್ಣ ವಿಕಾಸ ಹೊಂದಿರುವುದು. ಕಬಡ್ಡಿಯ ಒಂದು ರೇಡಿಗೆ ಕೊಟ್ಟಿರುವ ಕಾಲ 30 ಸೆಕೆಂಡು. ಆದರೆ ದೇಶದ ಅಮೆಚೂರ್ ಕಬಡ್ಡಿ ಫೆಡರೇಷನ್ನಿನ ಅಧ್ಯಕ್ಷರಾಗಿದ್ದ ರಾಜಸ್ಥಾನದ ರಾಜಕಾರಣಿ, ದಿವಂಗತ ಜನಾರ್ದನ ಸಿಂಗ್ ಗೆಹ್ಲೋಟ್ ಅವರು ಆ ಕುರ್ಚಿಯಲ್ಲಿ ಉಸಿರು ಬಿಡದೆ 28 ವರ್ಷ ನಿಂತರು. ಅಷ್ಟು ದೀರ್ಘವಾದ ರೇಡಿನಿಂದ ಅವರು ಮಧ್ಯಗೆರೆಗೆ ಮರಳಿದಾಗ ಕುರ್ಚಿ ತಣ್ಣಗಾಗಬಾರದೆಂದು ಅವರ ಪತ್ನಿಯವರು ಅದರಲ್ಲಿ ಕುಳಿತರು, ಯಜಮಾನರು ಆಜೀವ ಅಧ್ಯಕ್ಷರಾದರು. ಬದಲಿ ಆಟಗಾರನನ್ನು ಬೆಂಚಿನಿಂದ ಇಳಿಸುವುದು ಎಲ್ಲ ಆಟಗಳಲ್ಲೂ ಉಂಟು. ಮನೆಯಿಂದಲೇ ಇಳಿಸುವ ಪದ್ಧತಿಗಾಗಿ ಕಬಡ್ಡಿ ಲೋಕ ಅವರಿಗೆ ಋಣಿಯಾಗಿರಬೇಕು. 2018ರ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟು ಆ ಆಯ್ಕೆಗಳನ್ನು ರದ್ದು ಮಾಡಿತು. ಅದೇ ತಿಂಗಳು ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ, 1990ರಿಂದ ಒಮ್ಮೆಯೂ ಚಿನ್ನ ಬಿಟ್ಟುಕೊಡದಿದ್ದ ನಮ್ಮ ಪುರುಷರ ತಂಡ ಸೆಮಿಫೈನಲ್‌ನಲ್ಲಿ ಸೋತಿತು, ಮಹಿಳೆಯರ ತಂಡ ಫೈನಲ್‌ನಲ್ಲಿ ಸೋತಿತು. ಎರಡೂ ಸಲ ಎದುರಿಗಿದ್ದದ್ದು ಇರಾನ್. ಫ್ಲೆಕ್ಸ್ ಅಂಗಡಿಯವನಿಗೆ ಆಟದ ಚರಿತ್ರೆ ಚೆನ್ನಾಗಿ ಗೊತ್ತಿದೆ.

ಆಟಗಾರರ ಆಯ್ಕೆಯಲ್ಲಿ ಲಂಚ ನಡೆದಿದೆ ಎಂಬ ದೂರೂ ಅದೇ ಹೈಕೋರ್ಟಿನ ಮುಂದಿತ್ತು. ನ್ಯಾಯಾಲಯ ಯೋಚಿಸಿ ಒಂದು ಅಪೂರ್ವ ಆದೇಶ ಮಾಡಿತು: ಆಯ್ಕೆಯಾಗಿ ಜಕಾರ್ತಕ್ಕೆ ಹೋಗಿ ಬಂದ ತಂಡವೂ ಆಯ್ಕೆಯಾಗದೆ ಮನೆಯಲ್ಲಿ ಉಳಿದವರೂ ದೆಹಲಿಯಲ್ಲಿ ಎದುರುಬದುರು ಆಡಲಿ, ಯಾರು ಮೇಲೆಂಬುದು ಮ್ಯಾಟಿನ ಮೇಲೇ ತೀರ್ಮಾನವಾಗಲಿ. ಸೆಪ್ಟೆಂಬರಿನ ಆ ದಿನ ಮನೆಯಲ್ಲಿ ಉಳಿದವರು ಬಂದರು, ನಿವೃತ್ತ ನ್ಯಾಯಮೂರ್ತಿಗಳು ಬಂದರು. ಹೋಗಿ ಬಂದವರು ಮಾತ್ರ ಬರಲಿಲ್ಲ. ಉದ್ಘಾಟನಾ ಭಾಷಣವಿಲ್ಲದೆ ಶುರುವಾಗಬಹುದಾಗಿದ್ದ ಈ ದೇಶದ ಏಕೈಕ ಕಬಡ್ಡಿ ಪಂದ್ಯವೂ ಹೀಗೆ ನಡೆಯದೇ ಹೋಯಿತು.

ಕಬಡ್ಡಿಯೊಂದನ್ನೇ ಹೊಗಳಿದರೆ ಉಳಿದವರಿಗೆ ಬೇಸರವಾದೀತು. ಬಿಲ್ಲುಗಾರಿಕೆ ಸಂಸ್ಥೆಯ ಅಧ್ಯಕ್ಷ ಸ್ಥಾನದಲ್ಲಿ ದಿವಂಗತ ವಿಜಯ್ ಕುಮಾರ್ ಮಲ್ಹೋತ್ರಾ ಅವರು 1973ರಿಂದ ಸುಮಾರು ನಾಲ್ಕು ದಶಕ ಇದ್ದರು. ಅಷ್ಟೂ ಕಾಲ ಬಿಲ್ಲುಗಾರರು ಬಾಣ ಬಿಡುತ್ತಿದ್ದರು, ಅಧ್ಯಕ್ಷರು ಮಾತ್ರ ಏನನ್ನೂ ಬಿಡಲಿಲ್ಲ. 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಸೇರಿದ ಭಾರತೀಯ ಒಲಿಂಪಿಕ್ ಸಂಸ್ಥೆಯ ಸಭೆ, ಹಿಂದೆ ಅದರ ಅಧ್ಯಕ್ಷರಾಗಿದ್ದ ಸುರೇಶ್ ಕಲ್ಮಾಡಿ ಮತ್ತು ಅಭಯ್ ಚೌಟಾಲಾ ಇಬ್ಬರನ್ನೂ ಒಂದೇ ಏಟಿಗೆ ಆಜೀವ ಅಧ್ಯಕ್ಷರನ್ನಾಗಿ ಮಾಡಿತು. ಕ್ರೀಡಾ ಸಚಿವಾಲಯ ಸಂಸ್ಥೆಯ ಮಾನ್ಯತೆಯನ್ನೇ ತಡೆಹಿಡಿದ ಮೇಲೆ ಆ ಆಜೀವವು ಕೆಲವೇ ದಿನಗಳಲ್ಲಿ ತೀರಿಕೊಂಡಿತು. ಗೆಹ್ಲೋಟ್ ಕಾಂಗ್ರೆಸ್ಸಿನವರು, ಮಲ್ಹೋತ್ರಾ ಬಿಜೆಪಿಯವರು, ಚೌಟಾಲಾ ಲೋಕದಳದವರು. ಸಂಸತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳು ಕ್ರೀಡೆಯ ಸಭೆಗಳಲ್ಲಿ ಒಂದೇ ತಟ್ಟೆಯ ಗೋಡಂಬಿಗೆ ಕೈ ಹಾಕುತ್ತವೆ. ರಾಷ್ಟ್ರೀಯ ಭಾವೈಕ್ಯಕ್ಕೆ ಇದಕ್ಕಿಂತ ಅಗ್ಗದ ಯೋಜನೆ ಇನ್ನೊಂದಿಲ್ಲ.

ಫುಟ್‌ಬಾಲಿನಲ್ಲಿ ಆದದ್ದು ನಿಮಗೆ ನೆನಪಿದ್ದೇ ಇರುತ್ತದೆ. ದೇಶದ ಫುಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷರಾಗಿದ್ದ ಪ್ರಫುಲ್ ಪಟೇಲರ ಅವಧಿ 2020ರ ಡಿಸೆಂಬರಿನಲ್ಲೇ ಮುಗಿದಿದ್ದರೂ, ಸಂಸ್ಥೆಯ ನಿಯಮಾವಳಿಯ ವಿಚಾರ ಕೋರ್ಟಿನಲ್ಲಿದೆ ಎಂದು ಚುನಾವಣೆ ನಡೆಯಲಿಲ್ಲ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅವರನ್ನು ಎಬ್ಬಿಸಿ ಆಡಳಿತಗಾರರ ಸಮಿತಿಯನ್ನು ಕೂರಿಸಿತು. ಆಗಸ್ಟಿನಲ್ಲಿ ಜ್ಯೂರಿಕ್ಕಿನಲ್ಲಿರುವ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ, ಹೊರಗಿನವರ ಅನುಚಿತ ಪ್ರಭಾವವೆಂದು ಹೇಳಿ, ನಮ್ಮ ಫೆಡರೇಷನ್ನನ್ನು ಅಮಾನತು ಮಾಡಿತು. ಅವಧಿ ಮುಗಿದ ಮೇಲೆ ಒಂದೂವರೆ ವರ್ಷ ಕೂತದ್ದು ಜ್ಯೂರಿಕ್ಕಿಗೆ ಅಡ್ಡಿಯಾಗಲಿಲ್ಲ, ಎಬ್ಬಿಸಿದ್ದು ಅಡ್ಡಿಯಾಯಿತು. ಅಕ್ಟೋಬರಿನಲ್ಲಿ ಇಲ್ಲಿ ನಡೆಯಬೇಕಿದ್ದ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪು ಕೈತಪ್ಪುವ ಹಂತಕ್ಕೆ ಬಂದಾಗ ಎಲ್ಲರೂ ಓಡಾಡಿದರು. ಆಗಸ್ಟ್ 26ರಂದು ಅಮಾನತು ತೆರವಾಯಿತು, ಸಿಹಿ ಹಂಚಿಕೆಯೂ ಆಗಿರಬೇಕು. ಆದರೆ ಆ ನಡುವೆ ಗೋಕುಲಂ ಕೇರಳದ ಮಹಿಳಾ ತಂಡ ಏಷ್ಯಾದ ಕ್ಲಬ್ ಪಂದ್ಯಾವಳಿಗೆಂದು ತಾಷ್ಕೆಂಟಿಗೆ ಹೋಗಿ ಇಳಿದಿತ್ತು. ಇಳಿದ ಮೇಲೆ ಗೊತ್ತಾಯಿತು, ಆಡುವ ಹಾಗಿಲ್ಲವೆಂದು. ಆ ಹುಡುಗಿಯರು ಯಾವ ನಿಯಮಾವಳಿಯನ್ನು ಮೀರಿದ್ದರು, ಯಾವ ಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂತಿದ್ದರು? ಅವರು ಚೀಲ ಹೊತ್ತು ವಾಪಸು ಬಂದರು. ಈ ಸಾಲಿಗೊಂದು ಚಟಾಕಿ ಹುಡುಕಿದೆ, ಸಿಗಲಿಲ್ಲ.

ಕುಸ್ತಿಯ ಬಗ್ಗೆ ಬರೆಯುವುದು ಇನ್ನೂ ಕಷ್ಟ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆ ಜಾತ್ರೆಯ ಕುಸ್ತಿ ಕಂಡವರಿಗೆ ಗೊತ್ತು: ಗರಡಿಯ ಬಾಗಿಲಲ್ಲಿ ಪಾದರಕ್ಷೆ ಬಿಟ್ಟು, ಕೆಮ್ಮಣ್ಣನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡೇ ಪೈಲ್ವಾನ ಒಳಗೆ ಹೋಗುತ್ತಾನೆ. ಕಣಕ್ಕೆ ಇಳಿಯುವ ಮುಂಚೆ ಹಿರಿಯರು ಇಬ್ಬರ ಮೈಕಟ್ಟು ನೋಡಿ, ತೋಳು ಹಿಡಿದು ನೋಡಿ, ಜೋಡಿ ಸರಿಯಾಗಿದೆಯೇ ಎಂದು ನಿರ್ಧರಿಸುತ್ತಾರೆ. ಗಿಡ್ಡನಿಗೆ ದೈತ್ಯನನ್ನು ಕಟ್ಟಿದರೆ ಜನ ಕೂಗಿ ಎಬ್ಬಿಸುತ್ತಾರೆ. 2023ರ ಜನವರಿಯಲ್ಲಿ ಜಂತರ್ ಮಂತರ್‌ನಲ್ಲಿ ಕೂತ ಕುಸ್ತಿಪಟುಗಳಿಗೂ ಅವರು ಲೈಂಗಿಕ ಕಿರುಕುಳದ ಆರೋಪ ಹೊರಿಸಿದ್ದ ಫೆಡರೇಷನ್ ಅಧ್ಯಕ್ಷ, ಸಂಸದ ಬ್ರಿಜ್ ಭೂಷಣ್ ಶರಣ್ ಸಿಂಗ್ ಅವರಿಗೂ ಜೋಡಿ ಸರಿಯಾಗಿದೆಯೇ ಎಂದು ಯಾವ ಹಿರಿಯರೂ ನೋಡಲಿಲ್ಲ. ಮೇ 28ರಂದು ಹೊಸ ಸಂಸತ್ ಭವನದ ಉದ್ಘಾಟನೆಯ ಹೊತ್ತಿನಲ್ಲಿ ಪೊಲೀಸರು ಆ ಕುಸ್ತಿಪಟುಗಳನ್ನು ರಸ್ತೆಯಲ್ಲಿ ಎಳೆದೊಯ್ದರು. ಚುನಾವಣೆ ನಡೆಸಲಿಲ್ಲವೆಂದು ಆಗಸ್ಟಿನಲ್ಲಿ ವಿಶ್ವ ಕುಸ್ತಿ ಸಂಸ್ಥೆ ನಮ್ಮ ಫೆಡರೇಷನ್ನನ್ನು ಅಮಾನತಿನಲ್ಲಿಟ್ಟಿತು. ಮುಂದಿನ ತಿಂಗಳು ಬೆಲ್‌ಗ್ರೇಡಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ಅಂತಿಮ್ ಪಂಘಾಲ್ ತನ್ನ ದೇಶದ ಬಾವುಟವಿಲ್ಲದೆ ಆಡಿದಳು. ಡಿಸೆಂಬರ್ 21ರಂದು ಕೊನೆಗೂ ಚುನಾವಣೆಯಾಗಿ ಹಳೆಯ ಅಧ್ಯಕ್ಷರ ಆಪ್ತರೇ ಗೆದ್ದರು. ರಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ತಂದಿದ್ದ ಸಾಕ್ಷಿ ಮಲಿಕ್ ಆ ದಿನವೇ ತನ್ನ ಶೂಗಳನ್ನು ಮೇಜಿನ ಮೇಲಿಟ್ಟು ಎದ್ದು ಹೋದಳು. ಹೊಸ ಸಮಿತಿ ಅವಸರ ಅವಸರವಾಗಿ ಕಿರಿಯರ ರಾಷ್ಟ್ರೀಯ ಪಂದ್ಯಗಳನ್ನು ಹಳೆಯ ಅಧ್ಯಕ್ಷರ ಗೊಂಡಾ ಜಿಲ್ಲೆಗೇ ಗೊತ್ತುಮಾಡಿತು. ಮೂರು ದಿನಕ್ಕೆ ಸಚಿವಾಲಯ ಸಮಿತಿಯನ್ನೇ ಅಮಾನತು ಮಾಡಿ, 2025ರ ಮಾರ್ಚಿನಲ್ಲಿ ಆ ಅಮಾನತನ್ನು ಹಿಂತೆಗೆದುಕೊಂಡಿತು. ಶೂಗಳನ್ನು ಯಾರಾದರೂ ಹಿಂತಿರುಗಿಸಿದರೋ ಇಲ್ಲವೋ. ಮ್ಯಾಟಿನ ಮೇಲೆ ಚಪ್ಪಲಿಯಲ್ಲೇ ನಡೆದಾಡುವವರು ನಡೆದಾಡುತ್ತಲೇ ಇದ್ದಾರೆ.

ಈಗ ಎಲ್ಲ ಸರಿಹೋಗುತ್ತದಂತೆ, ಏಕೆಂದರೆ 2025ರ ಆಗಸ್ಟಿನಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂದಿದೆ. 15 ಜನರವರೆಗಿನ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರೂ, ಕನಿಷ್ಠ ಇಬ್ಬರು ಹೆಸರಾಂತ ಕ್ರೀಡಾಪಟುಗಳೂ ಇರಬೇಕಂತೆ. ಅಂದರೆ ಕ್ರೀಡಾ ಸಂಸ್ಥೆಯಲ್ಲಿ ಕ್ರೀಡೆ ಆಡಿ ಗೊತ್ತಿರುವವರು ಇಬ್ಬರಾದರೂ ಇರಲಿ ಎಂಬುದನ್ನು ಸಂಸತ್ತು ಕೂತು ಕಾನೂನು ಮಾಡಬೇಕಾಯಿತು. ವಯೋಮಿತಿ 70 ಎಂದು ಹೇಳಿ, ಅಂತರರಾಷ್ಟ್ರೀಯ ಸಂಸ್ಥೆಯ ನಿಯಮ ಒಪ್ಪಿದರೆ 75ರವರೆಗೆ ನಿಲ್ಲಬಹುದೆಂದು, ಕಬಡ್ಡಿಯಲ್ಲಿ ದಾಟಿದವನಿಗೆ ಹೆಚ್ಚುವರಿ ಅಂಕ ತರುವ ಬೋನಸ್ ಗೆರೆಯನ್ನೂ ಎಳೆದಿದ್ದಾರೆ. ಕ್ರಿಕೆಟ್ ಮಂಡಳಿಯೂ ಕಾಯ್ದೆಯೊಳಗೆ ಬಂದಿದೆ. ಆದರೆ ಮಾಹಿತಿ ಹಕ್ಕು ಸರ್ಕಾರದ ದುಡ್ಡು ಪಡೆಯುವ ಸಂಸ್ಥೆಗಳಿಗೆ ಮಾತ್ರ ಅನ್ವಯ, ಮಂಡಳಿಗೆ ದುಡ್ಡಿನ ಅಗತ್ಯವಿಲ್ಲದ್ದರಿಂದ ಉತ್ತರ ಹೇಳುವ ಅಗತ್ಯವೂ ಇಲ್ಲ.

ನಮ್ಮ ಪಕ್ಕದ ತೋರಣಗಲ್ಲಿನಲ್ಲಿ 2018ರಿಂದ ಇರುವ ಖಾಸಗಿ ತರಬೇತಿ ಕೇಂದ್ರದಲ್ಲಿ ನೀರಜ್ ಚೋಪ್ರಾ ಕೂಡ ಅಭ್ಯಾಸ ಮಾಡಿ ಹೋಗಿದ್ದಾರೆ. ಟ್ರ್ಯಾಕು, ವೈದ್ಯರು, ಊಟ ಎಲ್ಲವನ್ನೂ ಯಾರಾದರೂ ದುಡ್ಡು ಹಾಕಿ ಕಟ್ಟಬಹುದು. ಆದರೆ ಸರ್ಕಾರಿ ನೌಕರಿಯ ಕ್ರೀಡಾ ಕೋಟಾಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಕುರ್ಚಿಯವರೇ, ಮತ್ತು ಆ ಕುರ್ಚಿಗೆ ಮಾನ್ಯತೆ ಹೋದರೆ ಕಾಗದ ರದ್ದಿ. ಅಂದು ಬೇವಿನ ಮರದ ಕೆಳಗೆ ಒಬ್ಬ ಹುಡುಗ ಬ್ಯಾಗಿನಿಂದ ಪ್ಲಾಸ್ಟಿಕ್ ಫೈಲು ತೆಗೆದು ಎರಡು ಪ್ರಮಾಣಪತ್ರ ತೋರಿಸಿದ. ಒಂದೇ ವರ್ಷ, ಒಂದೇ ಆಟ, ಎರಡು ಸಂಘ. ಎರಡರ ಮೇಲೂ ತಾವೇ ಅಧಿಕೃತರೆಂದು ದಪ್ಪಕ್ಷರದಲ್ಲಿತ್ತು. ಬೆವರಿಗೆ ನೆನೆಯಬಾರದೆಂದು ಎರಡಕ್ಕೂ ಲ್ಯಾಮಿನೇಷನ್ ಮಾಡಿಸಿದ್ದ. “ಇದರಾಗ ಯಾವುದು ನಡೀತೈತ್ರಿ ಸರ?” ಎಂದ. ಪೊಲೀಸ್ ಭರ್ತಿಗೆ ಅರ್ಜಿ ಹಾಕುವವನಂತೆ. ಕೇಳಿ ಹೇಳುತ್ತೇನೆಂದೆ. ಯಾರನ್ನು ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ.

ಭಾಷಣ, ಸನ್ಮಾನ, ವಂದನಾರ್ಪಣೆ ಮುಗಿದು ಪಂದ್ಯಗಳು ಶುರುವಾದಾಗ ಮೂರೂ ಮುಕ್ಕಾಲು. ಮ್ಯಾಟಿನ ಬಾಡಿಗೆ ಆರು ಗಂಟೆಯವರೆಗೆ ಮಾತ್ರ ಇದ್ದದ್ದರಿಂದ 20 ನಿಮಿಷದ ಅರ್ಧಗಳನ್ನು ಏಳಕ್ಕೆ ಇಳಿಸಿದರು. ಆದರೂ ಫೈನಲ್ ನಡೆಯುತ್ತಿರುವಾಗಲೇ ಮ್ಯಾಟಿನವರು ಬಂದು, ಅವರಿಗೆ ಬೇರೆ ಊರಿನ ಆರ್ಡರಿತ್ತು, ಅಂಚಿನಿಂದ ಒಂದೊಂದೇ ತುಂಡು ಕಿತ್ತು ಟಂಟಂಗೆ ಪೇರಿಸತೊಡಗಿದರು. ಆ ಎರಡು ಪ್ರಮಾಣಪತ್ರದ ಹುಡುಗ ಕೊನೆಯ ರೇಡಿಗೆ ಹೋದಾಗ ಬೋನಸ್ ಗೆರೆಯಿದ್ದ ಸಾಲು ಆಗಲೇ ಗಾಡಿ ಏರಿತ್ತು.