ಬಾಕಿದಾರರ ಹೆಸರು ಗೋಡಿ ಮ್ಯಾಲ, ಮಾಫಿ ಆದವರ ಹೆಸರು ಎಲ್ಲಿ?

163 ಶಬ್ದ. ತೆರಿಗಿ ಕಚೇರಿಯಾಗ ನನ್ನ ಮಾಹಿತಿ ಹಕ್ಕಿನ ಅರ್ಜಿ ಹಿಡದು, ಪೆನ್ನಿನ ತುದೀಲೆ ಒಂದೊಂದು ಶಬ್ದ ಒತ್ತಿ ಒತ್ತಿ ಎಣಿಸಿದ ಅಲ್ಲಿ ಕುಂತ ಮನಷ್ಯಾ, ಗಟ್ಟಿಯಾಗಿ. ಹಿಂದ ಹತ್ತು ಹನ್ನೆರಡು ಮಂದಿ ಪಾಳೇದಾಗ ನಿಂತಿದ್ರು. "ನೂರಾ ನಲವತ್ತೊಂಬತ್ತು, ನೂರಾ ಐವತ್ತು..." ಅಲ್ಲಿಗೂ ಬಿಡಲಿಲ್ಲ. ಸಹಿ ಮ್ಯಾಗಿನ "ತಮ್ಮ ವಿಶ್ವಾಸಿ" ತನಕಾ ಎಣಿಸಿದ. ಆಮ್ಯಾಲ ಹಾಳಿ ನನ್ನ ಕಡೆ ಸರಿಸಿ, "ಅಕ್ಕಾರ, 150ರ ಮ್ಯಾಲ ಆದ್ರ ತಗೊಳ್ಳಾಕ ಬರೂದಿಲ್ರಿ. ನಿಮ್ಮ ಮನಿ ತೆರಿಗಿ ನೀವು ಕಟ್ರಿ, ಮಂದಿ ಉಸಾಬರಿ ನಿಮಗ್ಯಾಕ?" ಅಂದ. ಹಿಂದ ಯಾರೋ ಕಿಸಕ್ಕನ ನಕ್ರು. ಮೂವತ್ತು ವರ್ಷ ಮಕ್ಕಳ ನಿಬಂಧ ತಿದ್ದಿದಾಕಿ ನಾ. ಹಾಳಿ ಮಡಚಾಕ ಕೈ ಬರಲಿಲ್ಲ. ಅರ್ಜಿ ಫೀಗೆ ತಂದಿದ್ದ ಹತ್ತು ರೂಪಾಯಿದ ಪೋಸ್ಟಲ್ ಆರ್ಡರ್ ಕೆಳಗ ಬಿತ್ತು, ಬಗ್ಗಿ ತಗೊಂಡೆ.

ನಾ ಕೇಳಿದ್ದರ ಏನು? ನಮ್ಮ ವಾರ್ಡಿನಾಗ ಯಾವ ಯಾವ ಕಟ್ಟಡಕ್ಕ ಆಸ್ತಿ ತೆರಿಗಿ ಮಾಫಿ ಐತಿ, ಯಾವ ವರ್ಷದಿಂದ, ಯಾವ ಕಾರಣಕ್ಕ, ಯಾರು ಹೋಗಿ ನೋಡಿ ಬಂದು ಬರದಾರ. ಇಷ್ಟ. 150 ಶಬ್ದದ ನಿಯಮ ರಾಜ್ಯ ಸರ್ಕಾರ 2008ರಾಗ ಮಾಡೇತಿ, ಒಪ್ಪಿದೆ. ಆದ್ರ 2005ರ ಮಾಹಿತಿ ಹಕ್ಕು ಕಾಯ್ದೆದ 4ನೇ ಕಲಮಿನಾಗ, ರಿಯಾಯಿತಿ ಪಡದವರ ವಿವರ ಕಚೇರಿಯವರು ತಾವಾಗೇ ಪ್ರಕಟ ಮಾಡಬೇಕು ಅಂತ ಐತಲ್ಲ, ಅದನ್ನ ಪೆನ್ನು ಹಿಡದು ಯಾರು ಓದಬೇಕು?

ಗುಡಿ, ಮಸೂತಿ, ಸಾಲಿಗೆ ಮಾಫಿ ಕೊಡ್ರಿ, ನನ್ನ ತಕರಾರಿಲ್ಲ. ಆದ್ರ ನಮ್ಮ ವಾರ್ಡಿನ ಆ ಕಲ್ಯಾಣ ಮಂಟಪ? ಮಾಫಿ ಸಿಗಲಿ ಅಂತ ಅದನ್ನ ಧರ್ಮಛತ್ರ ಅಂತ ಬರಿಸ್ಯಾರಂತ. ಛತ್ರ ಅಂದ ಮ್ಯಾಲ ಬಾಡಿಗಿ ಇರಬಾರದು, ಇದ್ರ ಆ ರೊಕ್ಕ ಧರ್ಮಕ್ಕ ಹೋಗಬೇಕು. ನನ್ನ ತಂಗಿ ಮಗಳ ಮದವಿ ಅಲ್ಲೇ ಆತು. ರೊಕ್ಕ ಎಣಿಸಿ ಕೊಟ್ಟಾಕಿ ನಾನ. ರಸೀದಿ ಕೇಳಿದ್ರ "ದೇಣಿಗೆ" ಅಂತ ಬರದು ಕೊಟ್ರು. ಆ ದೇಣಿಗೆ ಎಲ್ಲಿಗೆ ಹೋತು ಅಂತ ಯಾರರೆ ಒಂದ್ಸಲ ಹೋಗಿ ನೋಡ್ಯಾರೇನು?

ಹೋಗ್ಲಿ ಬಿಡ್ರಿ. ನನಗೂ ಅರವತ್ತು ದಾಟ್ಯಾವ, ದಿನಾ ಮೆಟ್ಟಲಾ ಹತ್ತಾಕ ಆಗೂದಿಲ್ಲ.

ಇಲ್ಲ, ಬಿಡಾಕೂ ಆಗವಲ್ದು. ನನ್ನ ಚಲನ್ ಇಲ್ಲೇ ಮುಂದ ಐತಿ. ತೆರಿಗಿ ಮ್ಯಾಲ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಏಪ್ರಿಲ್‌ದಾಗ ಯಜಮಾನ್ರ ಆಸ್ಪತ್ರಿ ಓಡಾಟದಾಗ ಇದ್ದೆ, ಆ ತಿಂಗಳಾಗ ಕಟ್ಟಿದ್ರ ಸಿಗೂ ಶೇ 5 ರಿಯಾಯಿತಿ ಹೋತು. ಆಮ್ಯಾಲ ತಿಂಗಳಿಗೆ ಶೇ 2 ದಂಡ. ಎರಡು ಕೋಲಿ ಮನಿಗೆ ಪೈಸಾ ಬಿಡದಂಗ ಲೆಕ್ಕ. ಬಾಕಿ ಉಳಿಸಿಕೊಂಡವರ ಹೆಸರು ಅದ ಕಚೇರಿ ಗೋಡಿಗೆ ಹಚ್ಚತಾರ, ಹೋದ ಸಲ ನಮ್ಮ ಓಣಿ ವಿಧವಿ ಒಬ್ಬಾಕಿ ಹೆಸರೂ ಇತ್ತು. ಮಾಫಿ ಆದವರ ಹೆಸರು ಮಾತ್ರ ಕಪಾಟಿನಾಗ ಯಾಕ? ಅವರು ಕಟ್ಟದ ರೊಕ್ಕದ ಗಟಾರ, ಬೀದಿ ದೀಪ ನಾವ ತುಂಬಿ ಕೊಡಾಕತ್ತೀವಿ.

ಮನಿಗೆ ಬಂದು ಅರ್ಜಿ ಕಡಿದೆ. "ದಯವಿಟ್ಟು", "ತಮ್ಮಲ್ಲಿ ವಿನಂತಿ", "ತಮ್ಮ ವಿಶ್ವಾಸಿ" ಎಲ್ಲಾ ತಗದೆ. ಈಗ 138 ಅದಾವ. ಸೋಮವಾರ ಮತ್ತ ಹೊಂಟೀನಿ.

ಗದಗ, ಧಾರವಾಡ, ನಮ್ಮ ಹಾವೇರಿ ಜಿಲ್ಲಾ, ಎಲ್ಲೇ ಇರ್ರಿ. ತೆರಿಗಿ ಮಾಫಿ ಆದವರ ಪಟ್ಟಿ ಗೋಡಿಗೆ ಹಚ್ಚಿದ್ದು ನಿಮ್ಮೂರಾಗ ಯಾರರೆ ನೋಡೀರೇನು? ಒಬ್ಬರರೆ ಹೇಳ್ರಿ.