ಕೆಜಿಗೂ ಲೀಟರಿಗೂ ಎಂಥ ಅನುಪಾತ ಮಾವ?

ಹಾಲಿಗೆ ನೀರು ಬೆರೆಸುವವ ಯಾವತ್ತಾದರೂ 3:1 ಅಂತ ಅಳೆದು ಬೆರೆಸ್ತಾನಾ? ಆದರೂ ಗಣಿತದ ಪುಸ್ತಕ ಆ ಲೆಕ್ಕವನ್ನು ಬಿಡುವುದಿಲ್ಲ.

ಮೊನ್ನೆ ಉಡುಪಿಯಿಂದ ಕಾರ್ಕಳದ ಅಕ್ಕನ ಮನೆಗೆ ಹೋಗಿದ್ದೆ. ಏಳನೇ ಕ್ಲಾಸಿನ ಮಗಳು ಪುಸ್ತಕ ಹಿಡ್ಕೊಂಡು ಬಂದಳು. 40 ಲೀಟರ್ ಮಿಶ್ರಣ, ಹಾಲು-ನೀರು 3:1. ಅದು 3:2 ಆಗಲು ಎಷ್ಟು ನೀರು ಸೇರಿಸಬೇಕು?

"1 ಲೀಟರ್," ಅಂದಳು ಥಟ್ಟನೆ. 1 ಇದ್ದದ್ದು 2 ಆಯ್ತಲ್ಲ!

ಪಾಪ, ಪಾಲನ್ನೇ ಲೀಟರ್ ಅಂದ್ಕೊಂಡಿದ್ದಾಳೆ, ಅಷ್ಟೇ. 4 ಪಾಲು ಸೇರಿ 40 ಲೀಟರ್, ಅಂದರೆ ಒಂದು ಪಾಲಿಗೆ 10. ಹಾಲು 30 ಲೀಟರ್, ಅದು ಅಲ್ಲಾಡುವುದಿಲ್ಲ. ನೀರು 10ರಿಂದ 20ಕ್ಕೆ ಏರಬೇಕು. ಹಾಗಾಗಿ 10 ಲೀಟರ್. ಅಲ್ಲಾಡದ್ದು ಯಾವುದು ಅಂತ ಮೊದಲು ಹುಡುಕಿದರೆ ಅರ್ಧ ಲೆಕ್ಕ ಮುಗಿಯಿತು. ನಮಗೋ, ಅದಕ್ಕೂ ಮೊದಲೇ ಅಡ್ಡ ಗುಣಾಕಾರ ಕಲಿಸುವ ಗಡಿಬಿಡಿ.

ಮಳೆ ಬಿಟ್ಟಿತ್ತು. ಅಡಿಕೆಗೆ ಕೊಳೆರೋಗದ ಮದ್ದು ಬಿಡಲು ಭಾವ ಅಂಗಳದಲ್ಲಿ ಬೋರ್ಡೋ ದ್ರಾವಣ ಮಾಡ್ತಾ ಇದ್ದರು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು (ತಾಮ್ರದ ನೀಲಿ ಉಪ್ಪು), 1 ಕೆಜಿ ಸುಣ್ಣ. ಬ್ಯಾರಲ್ 200 ಲೀಟರಿನದು, ಅದಕ್ಕೆ ಎರಡೆರಡು ಕೆಜಿ ಅಂತ ಅವಳೇ ಹೇಳಿದಳು. ಸಣ್ಣ ಗಿಡಗಳಿಗೆ ಬೆನ್ನಿಗೆ ಹಾಕುವ 15 ಲೀಟರಿನ ಕ್ಯಾನ್ ಇದೆಯಲ್ಲ, ಅದಕ್ಕೆ?

"0.15 ಗ್ರಾಂ."

"ಚಿಟಿಕೆಯೂ ಆಗ್ಲಿಕ್ಕಿಲ್ಲ ಮಾರಾಯ್ತಿ," ಅಂತ ಭಾವ ನಕ್ಕರು. 0.15 ಸರಿ, ಆದರೆ ಅದು ಕೆಜಿ. ಅಂದರೆ 150 ಗ್ರಾಂ. ಪ್ರತಿ ಸಂಖ್ಯೆಯ ಪಕ್ಕ ಗ್ರಾಮೋ ಕೆಜಿಯೋ ಬರೆಯದಿದ್ದರೆ ಮಾರ್ಕ್ ಕಟ್ ಮಾಡಬೇಕು ಅಂತ ನನ್ನ ಅಭಿಪ್ರಾಯ. ಬೈದುಕೊಳ್ಳಿ.

ಅವಳು ಸುಮ್ನೆ ಬಿಡಲಿಲ್ಲ. "ನೀವು 1:1:100 ಅಂತೀರಿ. ಕೆಜಿಗೂ ಲೀಟರಿಗೂ ಎಂಥ ಅನುಪಾತ ಮಾವ?"

ಒಳ್ಳೆ ಪೆಟ್ಟು! 1 ಲೀಟರ್ ನೀರು ಹೆಚ್ಚುಕಮ್ಮಿ 1 ಕೆಜಿ ತೂಗುವುದರಿಂದ ಇಲ್ಲಿ ಬಚಾವು. ತೆಂಗಿನೆಣ್ಣೆಯಾದರೆ ನಡೆಯುವುದಿಲ್ಲ. ಲೀಟರ್ ಎಣ್ಣೆ ಕೆಜಿಗಿಂತ ಕಡಿಮೆ ತೂಗುತ್ತದೆ, ಅದಕ್ಕೇ ನೀರಿನ ಮೇಲೆ ತೇಲುವುದು.

ಅಷ್ಟರಲ್ಲಿ ಭಾವ ಉಜ್ಜಿ ಹೊಳೆಯುವಂತೆ ಮಾಡಿದ ಪೀಶಕತ್ತಿಯನ್ನು ಆ ನೀಲಿ ದ್ರಾವಣದಲ್ಲಿ ಅದ್ದಿ ಎತ್ತಿದರು. ಅಲಗಿನ ಮೇಲೆ ತೆಳ್ಳಗೆ ಕೆಂಪು. ತಾಮ್ರ ಬಿಟ್ಟಿದೆ, ಸುಣ್ಣ ಸಾಲದು. ಗೋಣಿ ಬಾಯಿ ಬಿಚ್ಚಿಟ್ಟು ಗಾಳಿ ತಾಗಿದ ಸುಣ್ಣ, ಅದಕ್ಕೆ ಜೋರು ಕಡಿಮೆ.

"ಹಾಗಾದ್ರೆ 1:1 ಅಲ್ವಾ ಅಪ್ಪ?"

"1:1 ಹೌದು. ಈ ಗೋಣಿಗೆ ಅಲ್ಲ," ಅಂತ ಭಾವ ಇನ್ನೊಂದು ತಂಬಿಗೆ ಸುಣ್ಣದ ನೀರು ಹೊಯ್ದು, ಕತ್ತಿ ಒರೆಸಿ ಮತ್ತೆ ಅದ್ದಿದರು.